‘ಇದು ನನ್ನ ದೇಹ’: ಕ್ರಿಯಾಪದವಿಲ್ಲದ ವಾಕ್ಯವೊಂದರ ಸುತ್ತ

ಕೆಲವು ವರ್ಷಗಳ ಹಿಂದೆ ನಮ್ಮ ಸಂಬಂಧಿಕರೊಬ್ಬರ ಮದುವೆ ಮೈಸೂರಿನ ಒಂದು ಕಥೋಲಿಕ ದೇವಾಲಯದಲ್ಲಿ ನಡೆಯಿತು. ನನ್ನೊಡನೆ ಕೆಲಸ ಮಾಡಿದ್ದ, ನಂಜನಗೂಡಿನ ಕಡೆಯ ಹಿರಿಯರೊಬ್ಬರು ಆ ಮದುವೆಗೆ ಬಂದಿದ್ದರು. ಪೂಜೆಯ ನಡುವೆ ಜನರು ಸಾಲಾಗಿ ಪೀಠದ ಕಡೆಗೆ ನಡೆದಾಗ ಅವರೂ ಎದ್ದು, ಸಾಲಿನಲ್ಲಿ ನಿಂತು, ದೇವಸ್ಥಾನದಲ್ಲಿ ತೀರ್ಥಕ್ಕೆ ಕೈಯೊಡ್ಡುವಷ್ಟೇ ಭಕ್ತಿಯಿಂದ ಕೈಯೊಡ್ಡಿದರು. ಗುರುಗಳು ಒಂದು ಕ್ಷಣ ತಡೆದು, ಅವರ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಕಳುಹಿಸಿದರು. ಆಮೇಲೆ ಊಟದ ಪಂಕ್ತಿಯಲ್ಲಿ ಅವರು ನನ್ನನ್ನು ಕೇಳಿದರು: “ನೀವು ಅದನ್ನು ಪರಮ ಪ್ರಸಾದ ಅನ್ನುತ್ತೀರಿ. ಪ್ರಸಾದ ಅಂದ ಮೇಲೆ ಬಂದವರಿಗೆಲ್ಲ ಕೊಡಬೇಕಲ್ಲವೇ?” ಆ ಪ್ರಶ್ನೆಯಲ್ಲಿ ಆಕ್ಷೇಪಣೆಯಿರಲಿಲ್ಲ, ಸ್ವಲ್ಪ ನೋವಿತ್ತು. ಅವರಿಗೆ ತಿಳಿಯದ ಸಂಗತಿಯೊಂದಿತ್ತು: ಪ್ರಾಟೆಸ್ಟೆಂಟ್ ಮನೆಯಲ್ಲಿ ಹುಟ್ಟಿ ಬೆಳೆದ ನಾನೂ ಆ ಸಾಲಿನಲ್ಲಿ ನಿಂತಿರಲಿಲ್ಲ. ಕ್ರೈಸ್ತನಾದ ನಾನು ಏಕೆ ಕುಳಿತೇ ಇದ್ದೆ, ಕ್ರೈಸ್ತರಲ್ಲದ ಅವರು ಏಕೆ ಬರಿಗೈಯಲ್ಲಿ ಮರಳಿದರು ಎಂಬ ಎರಡು ಪ್ರಶ್ನೆಗಳಿಗೆ ಅಂದು ಊಟದ ಎಲೆಯ ಮುಂದೆ ನನ್ನಲ್ಲಿ ಉತ್ತರವಿರಲಿಲ್ಲ. ಇಂದು ನಿಮ್ಮ ಮುಂದೆ ಹೇಳಲಿರುವುದು ಆ ಉತ್ತರವನ್ನೇ.

ಮೊದಲು ನಮ್ಮ ಊರಿನ ಮಾತುಗಳನ್ನೇ ಕೇಳಿಸಿಕೊಳ್ಳೋಣ. ಕಥೋಲಿಕರು ಈ ಆರಾಧನೆಯನ್ನು ಬಲಿಪೂಜೆ ಎನ್ನುತ್ತಾರೆ, ಅದರಲ್ಲಿ ಸ್ವೀಕರಿಸುವ ರೊಟ್ಟಿಯನ್ನು ಪರಮ ಪ್ರಸಾದ ಎನ್ನುತ್ತಾರೆ, ಅದು ನಡೆಯುವ ಜಾಗವನ್ನು ಬಲಿಪೀಠ ಎನ್ನುತ್ತಾರೆ. ನಮ್ಮ ಕಡೆಯ ಸಭೆಗಳಲ್ಲಿ, ಅಂದರೆ ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ, ಕರ್ತನ ಭೋಜನ, ಪವಿತ್ರ ಸಂಸ್ಕಾರ ಎಂಬ ಮಾತುಗಳಿವೆ. ಜಾಗದ ಹೆಸರು ಮೇಜು. ಇನ್ನು ಕೆಲವು ಸಭೆಗಳಲ್ಲಿ ಬರೀ ‘ರೊಟ್ಟಿ ಮುರಿಯುವುದು’ ಎನ್ನುತ್ತಾರೆ. ಕೇರಳದಿಂದ ಬಂದು ಮೈಸೂರಿನಲ್ಲಿ ನೆಲೆಸಿದ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ‘ಕುರ್ಬಾನ’ ಎಂಬ ಸಿರಿಯಾಕ್ ಪದ ಕೇಳಿಬರುತ್ತದೆ. ಅದರ ಅರ್ಥ ಕಾಣಿಕೆ, ನೈವೇದ್ಯ. ಇವು ಒಂದೇ ವಸ್ತುವಿನ ಬೇರೆ ಬೇರೆ ಹೆಸರುಗಳೆಂದು ನಾನು ಬಹುಕಾಲ ತಿಳಿದಿದ್ದೆ. ಹಾಗಲ್ಲ. ಬಲಿಯೋ, ಊಟವೋ, ನೈವೇದ್ಯವೋ, ಪ್ರಸಾದವೋ ಎಂಬುದೇ ಕ್ರೈಸ್ತರು ಶತಮಾನಗಳಿಂದ ನಡೆಸಿಕೊಂಡು ಬಂದ ವಾದದ ತಿರುಳು, ಮತ್ತು ಒಂದೊಂದು ಹೆಸರೂ ಆ ವಾದದಲ್ಲಿ ಒಂದೊಂದು ಪಕ್ಷವನ್ನು ಹಿಡಿದು ನಿಂತಿದೆ.

ಈ ಭೋಜನದ ಕುರಿತು ನಮಗೆ ಉಳಿದಿರುವ ಅತ್ಯಂತ ಹಳೆಯ ಬರಹ ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಯಾವುದೂ ಅಲ್ಲ; ಅವುಗಳಿಗಿಂತ ಮೊದಲು, ಕ್ರಿ.ಶ. 55ರ ಆಸುಪಾಸಿನಲ್ಲಿ, ಮೊದಲ ತಲೆಮಾರಿನ ಕ್ರೈಸ್ತ ಪ್ರಚಾರಕ ಪೌಲನು ಗ್ರೀಸಿನ ಕೊರಿಂಥದ ಸಭೆಗೆ ಬರೆದ ಪತ್ರ. ಆ ಪತ್ರದಲ್ಲಿ ಈ ವಿಷಯ ಬರುವ ಸಂದರ್ಭವನ್ನು ನೀವು ಗಮನಿಸಬೇಕು. ಪೌಲನು ಅಲ್ಲಿ ಸಿದ್ಧಾಂತವನ್ನು ಕಲಿಸುತ್ತಿಲ್ಲ, ಜಗಳವೊಂದನ್ನು ಬಿಡಿಸುತ್ತಿದ್ದಾನೆ. ಕೊರಿಂಥದಲ್ಲಿ ಉಳ್ಳವರು ಮುಂಚೆಯೇ ಬಂದು ತಮ್ಮ ಊಟವನ್ನು ಮುಗಿಸಿಬಿಡುತ್ತಿದ್ದರು, ತಡವಾಗಿ ಬಂದ ಬಡವರು ಹಸಿದೇ ಇರುತ್ತಿದ್ದರು. ಒಬ್ಬ ಹಸಿದಿರುವಾಗ ಇನ್ನೊಬ್ಬ ಕುಡಿದು ಅಮಲೇರಿಸಿಕೊಂಡರೆ ನೀವು ತಿನ್ನುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲನು ಖಂಡಿಸುತ್ತಾನೆ. ಆ ಖಂಡನೆಯ ನಡುವೆಯೇ, ಯೇಸು ತಾನು ಹಿಡಿದುಕೊಡಲ್ಪಟ್ಟ ರಾತ್ರಿ ರೊಟ್ಟಿಯನ್ನು ಮುರಿದು ‘ಇದು ನನ್ನ ದೇಹ’ ಎಂದ ಮಾತೂ, ತನ್ನನ್ನು ನೆನೆಯುವುದಕ್ಕಾಗಿ ಹೀಗೆ ಮಾಡಿರಿ ಎಂದ ಮಾತೂ ಬರುತ್ತವೆ. ಪಂಕ್ತಿಭೇದ ಏನೆಂಬುದನ್ನು ಅಜ್ಜ ಅಜ್ಜಿಯರ ಬಾಯಿಂದ ಕೇಳಿ ಬಲ್ಲ ನಮಗೆ ಆ ಅಧ್ಯಾಯಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ. ಇದೇ ದಕ್ಷಿಣ ಭಾರತದ ಸಭೆಗಳಲ್ಲಿ ಜಾತಿಯ ಕ್ರಮದಲ್ಲಿ ಬೇರೆ ಬೇರೆ ಕುಳಿತು, ಬೇರೆ ಬೇರೆಯಾಗಿ ಸಂಸ್ಕಾರ ತೆಗೆದುಕೊಳ್ಳುವ ಪದ್ಧತಿಯಿತ್ತು; ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಅದನ್ನು ನಿಷೇಧಿಸಿದಾಗ ಆ ಆದೇಶವನ್ನು ಒಪ್ಪದೆ ಸಭೆಯನ್ನೇ ಬಿಟ್ಟು ಹೋದವರಿದ್ದರು. ರೊಟ್ಟಿ ದೇಹವಾಗುವುದು ಹೇಗೆ ಎಂದು ಪಂಡಿತರು ವಾದಿಸುವುದಕ್ಕೆ ಬಹಳ ಮೊದಲೇ, ಯಾರ ಪಕ್ಕ ಯಾರು ಕುಳಿತು ತಿನ್ನಬೇಕು ಎಂಬ ಪ್ರಶ್ನೆ ಎದ್ದಿತ್ತು. ಅದು ಈಗಲೂ ಮುಗಿದಿಲ್ಲ.

ಈಗ ಆ ವಾಕ್ಯಕ್ಕೆ ಬರೋಣ. ‘ಇದು ನನ್ನ ದೇಹ.’ ಕನ್ನಡದಲ್ಲಿ ಇದಕ್ಕೆ ಕ್ರಿಯಾಪದವೇ ಇಲ್ಲ, ಆದರೂ ವಾಕ್ಯ ಪೂರ್ಣವಾಗಿದೆ. ‘ಇದು ನನ್ನ ಮನೆ’ ಎಂದು ನಾವು ಇರುವ ಮನೆಯನ್ನು ತೋರಿಸಿಯೂ ಹೇಳಬಹುದು, ಗೋಡೆಯ ಮೇಲಿನ ಚಿತ್ರಪಟವನ್ನು ತೋರಿಸಿಯೂ ಹೇಳಬಹುದು, ಕೇಳುವವನಿಗೆ ಗೊಂದಲವಾಗುವುದಿಲ್ಲ. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿಯೂ ಇಂಥ ವಾಕ್ಯಕ್ಕೆ ಕ್ರಿಯಾಪದ ಬೇಕಿಲ್ಲ. ಆದರೆ ಸುವಾರ್ತೆಗಳು ಬರೆಯಲ್ಪಟ್ಟ ಗ್ರೀಕಿನಲ್ಲಿ ‘ಎಸ್ತಿನ್’ ಎಂಬ ಕ್ರಿಯಾಪದವಿದೆ, ಪಶ್ಚಿಮದ ಸಭೆ ಓದಿದ ಲ್ಯಾಟಿನ್‌ನಲ್ಲಿ ‘ಎಸ್ತ್’ ಇದೆ, ಮತ್ತು ಯುರೋಪಿನಲ್ಲಿ ನೂರಾರು ವರ್ಷ ನಡೆದ ವಾದವೆಲ್ಲ ಆ ಪುಟ್ಟ ಪದದ ಸುತ್ತಲೇ ಸುತ್ತಿತು. ಕನ್ನಡದಲ್ಲಿ ನಾವು ಬಲವಂತವಾಗಿ ಕ್ರಿಯಾಪದವನ್ನು ತರಬೇಕೆಂದರೆ ‘ಇದು ನನ್ನ ದೇಹವಾಗಿದೆ’ ಎನ್ನಬೇಕು. ಆಗ ‘ಆಗು’ ಎಂಬ ಧಾತು ನುಸುಳಿ, ಮೊದಲು ಬೇರೇನೋ ಆಗಿದ್ದದ್ದು ಈಗ ದೇಹವಾಗಿ ಮಾರ್ಪಟ್ಟಿದೆ ಎಂಬ ಛಾಯೆ ಬಂದುಬಿಡುತ್ತದೆ. ಅಂದರೆ ಕ್ರಿಯಾಪದವನ್ನು ಬಿಟ್ಟರೆ ಅರ್ಥ ತೆರೆದೇ ಉಳಿಯುತ್ತದೆ, ಸೇರಿಸಿದರೆ ವಾಕ್ಯ ಕಥೋಲಿಕರ ಕಡೆಗೆ ವಾಲುತ್ತದೆ. ಒಂದು ಭಾಷೆಯ ವ್ಯಾಕರಣ ದೇವತಾಶಾಸ್ತ್ರಕ್ಕೆ ಇಷ್ಟು ಹತ್ತಿರ ಬರುವುದನ್ನು ಕಂಡಾಗ ನನಗೆ ನಿಜವಾಗಿಯೂ ಮೈ ಜುಮ್ಮೆಂದಿತ್ತು.

ಮೊದಲ ಶತಮಾನಗಳ ಕ್ರೈಸ್ತರು ‘ಹೇಗೆ’ ಎಂಬ ಪ್ರಶ್ನೆಯನ್ನು ಹೆಚ್ಚು ಕೆದಕಲಿಲ್ಲ. ಸುಮಾರು 155ರಲ್ಲಿ ರೋಮಿನ ಚಕ್ರವರ್ತಿಗೆ ತನ್ನ ಜನರ ಪರವಾಗಿ ಮನವಿ ಬರೆದ ಜಸ್ಟಿನ್, ಭಾನುವಾರ ತಾವು ಸೇರುವುದನ್ನೂ, ರೊಟ್ಟಿ ಮತ್ತು ನೀರು ಬೆರೆಸಿದ ದ್ರಾಕ್ಷಾರಸದ ಮೇಲೆ ಕೃತಜ್ಞತಾಸ್ತುತಿ ಹೇಳುವುದನ್ನೂ, ಬರಲಾಗದವರ ಮನೆಗೆ ಅದನ್ನು ಸೇವಕರು ಕೊಂಡೊಯ್ಯುವುದನ್ನೂ ವಿವರಿಸುತ್ತಾನೆ. ಇದನ್ನು ನಾವು ಸಾಧಾರಣ ರೊಟ್ಟಿಯಾಗಿ ಸ್ವೀಕರಿಸುವುದಿಲ್ಲ, ಯೇಸುವಿನ ದೇಹ ಮತ್ತು ರಕ್ತವೆಂದು ಕಲಿತಿದ್ದೇವೆ ಎನ್ನುತ್ತಾನೆ. ಅದಕ್ಕಿಂತ ಮುಂದಕ್ಕೆ ಹೋಗುವುದಿಲ್ಲ. ‘ಹೇಗೆ’ ಎಂಬುದು ಜಟಿಲವಾದದ್ದು 9ನೇ ಶತಮಾನದಲ್ಲಿ, ಫ್ರಾನ್ಸಿನ ಕೊರ್ಬಿ ಮಠದ ಇಬ್ಬರು ಸನ್ಯಾಸಿಗಳ ನಡುವೆ. ಪೀಠದ ಮೇಲಿರುವುದು ಮರಿಯಳಲ್ಲಿ ಹುಟ್ಟಿದ ಅದೇ ದೇಹ ಎಂದು ರಾಡ್‌ಬರ್ಟಸ್ ಬರೆದ. ಅಲ್ಲ, ಅದು ಗೂಢವಾದ, ಆತ್ಮಿಕವಾದ ರೀತಿಯದು ಎಂದು ಅದೇ ಮಠದ ರಾಟ್ರಾಮ್ನಸ್ ಬರೆದ.

ಕೊನೆಗೆ 1215ರಲ್ಲಿ ರೋಮಿನಲ್ಲಿ ಬಿಷಪರು ಸೇರಿದ ನಾಲ್ಕನೆಯ ಲ್ಯಾಟೆರನ್ ಮಹಾಸಭೆ ರೊಟ್ಟಿ ದೇಹವಾಗಿಯೂ ದ್ರಾಕ್ಷಾರಸ ರಕ್ತವಾಗಿಯೂ ತಿರುಳಿನಲ್ಲೇ ಬದಲಾಗುತ್ತವೆ ಎಂಬ ಮಾತನ್ನು ಅಧಿಕೃತವಾಗಿ ಬಳಸಿತು. ಅದೇ ಶತಮಾನದಲ್ಲಿ ಥಾಮಸ್ ಅಕ್ವೈನಾಸ್ ಅದಕ್ಕೆ ಅರಿಸ್ಟಾಟಲನ ಪರಿಭಾಷೆಯಲ್ಲಿ ವಿವರಣೆ ಕೊಟ್ಟ. ಈ ವಿವರಣೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಹೇಳಿದರೆ ಒಣಗಿಹೋಗುತ್ತದೆ, ಆದರೆ ನಮ್ಮ ನೆಲದ ಪರಿಭಾಷೆ ಅದಕ್ಕೆ ಚೆನ್ನಾಗಿ ಒದಗುತ್ತದೆ. ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ತರ್ಕ ಓದಿದವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ನನ್ನನ್ನು ತಿದ್ದಬೇಕು. ದ್ರವ್ಯ ಬೇರೆ, ಗುಣ ಬೇರೆ. ಬಿಳುಪು, ದುಂಡಗಿರುವಿಕೆ, ರುಚಿ, ವಾಸನೆ ಇವೆಲ್ಲ ಗುಣಗಳು, ಅವು ಆಶ್ರಯಿಸಿರುವುದು ದ್ರವ್ಯವನ್ನು. ಅಕ್ವೈನಾಸ್ ಹೇಳುವುದೇನೆಂದರೆ, ಪ್ರತಿಷ್ಠೆಯ ವಚನಗಳನ್ನು, ಅಂದರೆ ‘ಇದು ನನ್ನ ದೇಹ’ ಎಂಬ ಯೇಸುವಿನ ಮಾತುಗಳನ್ನು, ಗುರು ಉಚ್ಚರಿಸಿದಾಗ ರೊಟ್ಟಿಯ ಗುಣಗಳೆಲ್ಲ ಹಾಗೆಯೇ ಉಳಿದು, ಅದರ ದ್ರವ್ಯ ಮಾತ್ರ ಕ್ರಿಸ್ತನ ದೇಹವಾಗಿ ಬದಲಾಗುತ್ತದೆ. ಹಾಗಾಗಿ ನಾಲಿಗೆಗೆ ರುಚಿ ರೊಟ್ಟಿಯದೇ, ಸೂಕ್ಷ್ಮದರ್ಶಕದಲ್ಲಿ ಕಾಣುವುದೂ ರೊಟ್ಟಿಯೇ. ಇದು ಸಿದ್ಧಾಂತಕ್ಕೆ ವಿರುದ್ಧವಲ್ಲ, ಸಿದ್ಧಾಂತ ಹೇಳುವುದೇ ಹಾಗೆ. ವಿಜ್ಞಾನ ಇದನ್ನು ಸುಳ್ಳು ಮಾಡಿತು ಎನ್ನುವವರು ಈ ಭಾಗವನ್ನು ಓದಿರುವುದಿಲ್ಲ.

ಆದರೆ ನಮ್ಮ ತಾರ್ಕಿಕರು ಒಡನೆಯೇ ಕೇಳುವ ಪ್ರಶ್ನೆಯೊಂದಿದೆ. ಆಶ್ರಯವಾದ ದ್ರವ್ಯ ಹೋದ ಮೇಲೆ ಗುಣ ನಿಲ್ಲುವುದಾದರೂ ಎಲ್ಲಿ? 14ನೇ ಶತಮಾನದ ಕೊನೆಯಲ್ಲಿ ಆಕ್ಸ್‌ಫರ್ಡಿನ ಜಾನ್ ವಿಕ್ಲಿಫ್ ಎತ್ತಿದ ಆಕ್ಷೇಪಣೆ ಸರಿಯಾಗಿ ಇದೇ: ಆಶ್ರಯವಿಲ್ಲದ ಗುಣ ಎಂಬುದು ಅಸಂಗತ. ಅಕ್ವೈನಾಸ್ ಇದನ್ನು ಮೊದಲೇ ಊಹಿಸಿದ್ದ. ಲೋಕದ ಕ್ರಮದಲ್ಲಿ ಅದು ಅಸಾಧ್ಯವೇ, ದೈವಶಕ್ತಿಯಿಂದ ಮಾತ್ರ ಸಾಧ್ಯ ಎಂದಿದ್ದ. ಅಲ್ಲಿಗೆ ತರ್ಕ ಮುಗಿದು ನಂಬಿಕೆ ಶುರುವಾಗುತ್ತದೆ ಎಂಬುದನ್ನು ಇಬ್ಬರೂ ಬಲ್ಲರು. ಎಲ್ಲಿ ಮುಗಿಯಬೇಕು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ.

1529ರ ಅಕ್ಟೋಬರ್ ತಿಂಗಳಲ್ಲಿ ಜರ್ಮನಿಯ ಮಾರ್ಬರ್ಗ್ ಕೋಟೆಯಲ್ಲಿ ನಡೆದ ಸಭೆಯ ಚಿತ್ರವನ್ನು ನಾನು ಎಷ್ಟು ಬಾರಿ ಕಲ್ಪಿಸಿಕೊಂಡರೂ ಸಾಲದು. ಹೆಸ್ಸೆಯ ದೊರೆ ಫಿಲಿಪ್, ಕಥೋಲಿಕ ಸಭೆಯಿಂದ ಬೇರೆಯಾಗಿ ಪ್ರಾಟೆಸ್ಟೆಂಟ್ ಪಂಗಡಗಳನ್ನು ಹುಟ್ಟುಹಾಕಿದ ಸುಧಾರಕರೆಲ್ಲ ಒಂದಾಗಲಿ ಎಂದು ವಿಟೆನ್‌ಬರ್ಗಿನ ಮಾರ್ಟಿನ್ ಲೂಥರನನ್ನೂ ಜ್ಯೂರಿಕ್‌ನ ಉಲ್ರಿಚ್ ಝ್ವಿಂಗ್ಲಿಯನ್ನೂ ಎದುರುಬದುರು ಕೂರಿಸಿದ. ಲೂಥರ್ ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಮೇಲೆ ಲ್ಯಾಟಿನ್‌ನಲ್ಲಿ ‘ಇದು ನನ್ನ ದೇಹ’ ಎಂದು ಬರೆದು, ಮೇಲೆ ಮಕಮಲ್ಲಿನ ಬಟ್ಟೆ ಹೊದಿಸಿದ. ವಾದ ಕಾವೇರಿ ಸಾಕ್ಷ್ಯ ಕೇಳಿದಾಗ ಬಟ್ಟೆಯನ್ನು ಸರಿಸಿ ಆ ಅಕ್ಷರಗಳನ್ನು ತೋರಿಸಿದ. ದ್ರವ್ಯಗುಣಗಳ ವಿವರಣೆ ಅವನಿಗೂ ಬೇಕಿರಲಿಲ್ಲ. ಆದರೆ ಕ್ರಿಸ್ತ ಹೇಳಿದ ಮೇಲೆ ಆ ರೊಟ್ಟಿಯಲ್ಲಿ ಅವನ ದೇಹ ನಿಜವಾಗಿಯೂ ಇದೆ, ರೊಟ್ಟಿಯೂ ಇದೆ ಎಂಬುದನ್ನು ಅವನು ಬಿಟ್ಟುಕೊಡಲಿಲ್ಲ. ಕುಲುಮೆಯಲ್ಲಿ ಕಾದ ಕಬ್ಬಿಣದ ಹೋಲಿಕೆಯನ್ನು ಅವನು 1520ರಲ್ಲಿಯೇ ಕೊಟ್ಟಿದ್ದ: ಕೆಂಪಗೆ ಕಾದ ಕಬ್ಬಿಣದ ಒಂದೊಂದು ಕಣದಲ್ಲೂ ಬೆಂಕಿಯಿದೆ, ಕಬ್ಬಿಣವೂ ಇದೆ. ಝ್ವಿಂಗ್ಲಿ ಇದನ್ನು ಒಪ್ಪಲಿಲ್ಲ. ‘ನಾನೇ ದ್ರಾಕ್ಷಾಬಳ್ಳಿ’, ‘ನಾನೇ ಬಾಗಿಲು’ ಎಂದೂ ಯೇಸು ಹೇಳಿದ್ದಾನಲ್ಲ, ಅಲ್ಲಿ ನಾವು ಎಲೆಯನ್ನೂ ಚಿಲಕವನ್ನೂ ಹುಡುಕುತ್ತೇವೆಯೇ? ‘ಇದು ನನ್ನ ದೇಹ’ ಎಂದರೆ ಇದು ನನ್ನ ದೇಹವನ್ನು ಸೂಚಿಸುತ್ತದೆ ಎಂದರ್ಥ. ದೇಹ ಪರಲೋಕದಲ್ಲಿದೆ, ಒಂದೇ ದೇಹ ಏಕಕಾಲಕ್ಕೆ ಸಾವಿರ ಮೇಜುಗಳ ಮೇಲೆ ಇರಲಾರದು. ಚರ್ಚೆಯ ಕೊನೆಗೆ ಬರೆದ 15 ಅಂಶಗಳಲ್ಲಿ 14ಕ್ಕೆ ಇಬ್ಬರೂ ಒಪ್ಪಿದರು. ಹದಿನೈದನೆಯದರಲ್ಲೂ ಬಹುಪಾಲು ಒಪ್ಪಿ, ದೇಹ ಅಲ್ಲಿದೆಯೇ ಇಲ್ಲವೇ ಎಂಬ ಒಂದೇ ಒಂದು ಎಳೆ ಉಳಿಯಿತು. ಆ ಎಳೆಗಾಗಿ ಬೇರೆಯಾದ ಯುರೋಪಿನ ಎರಡು ಸಭಾಕುಟುಂಬಗಳು ಒಂದೇ ಮೇಜಿಗೆ ಬರಲು ಒಪ್ಪಿದ್ದು 1973ರ ಲಾಯೆನ್‌ಬರ್ಗ್ ಒಡಂಬಡಿಕೆಯಲ್ಲಿ, 444 ವರ್ಷಗಳ ನಂತರ.

ನಾನು ಬೆಳೆದದ್ದು ಝ್ವಿಂಗ್ಲಿಯ ನೆರಳು ಬಿದ್ದ ಮನೆಯಲ್ಲಿ. “ಅದು ಬರೀ ಜ್ಞಾಪಕಾರ್ಥ” ಎಂದು ಭಾನುವಾರ ಶಾಲೆಯಲ್ಲಿ ಕಲಿಸಿದ್ದರು. ಆ ‘ಬರೀ’ ಎಂಬ ಪದ ಝ್ವಿಂಗ್ಲಿಗೂ ಅನ್ಯಾಯ ಮಾಡುತ್ತದೆ, ನೆನಪಿಗೂ ಅನ್ಯಾಯ ಮಾಡುತ್ತದೆ. ಕನ್ನಡದಲ್ಲಿ ನೆನೆ ಎಂಬ ಧಾತುವಿಗೆ ಸ್ಮರಿಸು ಎಂಬ ಅರ್ಥವೂ ಇದೆ, ತೊಯ್ಯು ಎಂಬ ಅರ್ಥವೂ ಇದೆ. ರಾತ್ರಿಯೆಲ್ಲ ನೀರಿನಲ್ಲಿ ನೆನೆದ ಅವರೆಕಾಳು ಬೆಳಿಗ್ಗೆ ಮೊದಲಿನ ಕಾಳಾಗಿ ಉಳಿದಿರುವುದಿಲ್ಲ. ಯೇಸುವಿನ ಕಡೆಯ ಭೋಜನವನ್ನು ಮೊದಲ ಮೂರು ಸುವಾರ್ತೆಗಳು ಯೆಹೂದ್ಯರ ಪಸ್ಕ ಹಬ್ಬದ ಊಟವಾಗಿ ಚಿತ್ರಿಸುತ್ತವೆ. ಆ ಹಬ್ಬದಲ್ಲಿ ಒಂದೊಂದು ತಲೆಮಾರಿನವರೂ ಈಜಿಪ್ಟಿನ ದಾಸ್ಯದಿಂದ ತಾವೇ ಹೊರಬಂದಂತೆ ಭಾವಿಸಬೇಕೆಂದು ಯೆಹೂದ್ಯ ಸಂಪ್ರದಾಯ ವಿಧಿಸುತ್ತದೆ. ಪಿತೃಪಕ್ಷದಲ್ಲಿ ನಮ್ಮ ಮಂಡ್ಯ, ಮೈಸೂರು ಸೀಮೆಯ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವುದನ್ನು ನೀವು ನೋಡಿದ್ದೀರಿ. ತೀರಿಕೊಂಡವರಿಗೆ ಇಷ್ಟವಾದ ತಿಂಡಿಯನ್ನೇ ಮಾಡಿ, ಎಲೆಯ ಮುಂದೆ ದೀಪ ಹಚ್ಚಿ, ಸ್ವಲ್ಪ ಹೊತ್ತು ಬಾಗಿಲು ಮುಂದೆ ಮಾಡಿ ಹೊರಗೆ ಕಾಯುವ ಮನೆಗಳಿವೆ. ಅಲ್ಲಿ ನಿಂತವರನ್ನು ಇದು ಬರೀ ಜ್ಞಾಪಕಾರ್ಥವೇ ಎಂದು ಕೇಳುವ ಧೈರ್ಯ ನನಗಿಲ್ಲ. ಕ್ರೈಸ್ತ ಭೋಜನವೂ ಎಡೆಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕ್ರೈಸ್ತರು ನೆನೆಯುವುದು ಸತ್ತು ಎದ್ದವನನ್ನು, ಮತ್ತು ಅಲ್ಲಿ ಉಣಿಸುವವನು ಅವನೇ. ಆದರೆ ನೆನಪಿಗೆ ಎಷ್ಟು ಬಲವಿದೆ ಎಂಬುದನ್ನು ಈ ಮಣ್ಣಿನವರಿಗೆ ಬೇರೆಯವರು ಕಲಿಸಬೇಕಾಗಿಲ್ಲ.

ಜಿನೀವಾದ ಸುಧಾರಕ ಜಾನ್ ಕ್ಯಾಲ್ವಿನ್ ನಡುವಿನ ದಾರಿ ಹಿಡಿದ: ದೇಹ ರೊಟ್ಟಿಗೆ ಇಳಿದು ಬರುವುದಿಲ್ಲ, ಪವಿತ್ರಾತ್ಮನು ನಮ್ಮ ಹೃದಯಗಳನ್ನೇ ಕ್ರಿಸ್ತನಿರುವಲ್ಲಿಗೆ ಎತ್ತುತ್ತಾನೆ, ಆದ್ದರಿಂದ ನಂಬಿಕೆಯಿಂದ ತಿನ್ನುವವನು ಅವನನ್ನು ನಿಜವಾಗಿಯೇ ಉಣ್ಣುತ್ತಾನೆ. ವಾರಕ್ಕೊಮ್ಮೆಯಾದರೂ ಭೋಜನ ನಡೆಯಬೇಕೆಂದು ಅವನು ಬಯಸಿದ, ಜಿನೀವಾದ ಆಡಳಿತ ವರ್ಷಕ್ಕೆ ನಾಲ್ಕು ಸಲ ಸಾಕೆಂದಿತು. ಮೈಸೂರಿಗೆ ಹೆಚ್ಚು ಹತ್ತಿರದವನು ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥವನ್ನು ಹುಟ್ಟುಹಾಕಿದ ಜಾನ್ ವೆಸ್ಲಿ, ಏಕೆಂದರೆ ಇಲ್ಲಿ ಆಸ್ಪತ್ರೆ, ಶಾಲೆ, ಅಚ್ಚುಕೂಟಗಳನ್ನು ಕಟ್ಟಿದ ಮಿಷನ್ ಅವನ ಹೆಸರಿನದು. ಅವನೂ ಅವನ ತಮ್ಮ ಚಾರ್ಲ್ಸನೂ 1745ರಲ್ಲಿ ಕರ್ತನ ಭೋಜನದ ಮೇಲೆಯೇ 166 ಕೀರ್ತನೆಗಳನ್ನು ಪ್ರಕಟಿಸಿದರು. ಯೋಗ್ಯರಾದ ಮೇಲೆ ಮೇಜಿಗೆ ಬರಬೇಕು ಎನ್ನುವವರಿಗೆ ಎದುರಾಗಿ, ಈ ಭೋಜನವೇ ಮನುಷ್ಯನನ್ನು ದೇವರ ಕಡೆಗೆ ತಿರುಗಿಸಬಲ್ಲದು ಎಂದು ಜಾನ್ ವೆಸ್ಲಿ ವಾದಿಸಿದ. ಇಷ್ಟು ಹಸಿವಿದ್ದವನ ಪರಂಪರೆಯ ನಾವು ತಿಂಗಳಿಗೊಂದು ಭಾನುವಾರಕ್ಕೆ ತೃಪ್ತರಾದದ್ದು ನನಗೆ ದುಃಖದ ಸಂಗತಿ. ದ್ರಾಕ್ಷಾರಸದ ಬದಲು ಹುಳಿಯದ ಹಣ್ಣಿನ ರಸ ಬಂದದ್ದೂ ಮೆಥಡಿಸ್ಟರಿಂದಲೇ: ಮದ್ಯಪಾನದ ವಿರೋಧಿಯಾಗಿದ್ದ ಅಮೆರಿಕದ ಥಾಮಸ್ ವೆಲ್ಚ್ 1869ರಲ್ಲಿ ರಸವನ್ನು ಕಾಯಿಸಿ ಕೆಡದಂತೆ ಇಡುವ ವಿಧಾನವನ್ನು ಭೋಜನಕ್ಕೆಂದೇ ರೂಪಿಸಿದ.

ಪೂರ್ವದ ಸಭೆಗಳಿಗೆ ಈ ಜಗಳವೇ ಅಷ್ಟಾಗಿ ಅರ್ಥವಾಗುವುದಿಲ್ಲ. ಆರ್ಥೊಡಾಕ್ಸ್ ಆರಾಧನೆಯಲ್ಲಿ ಯೇಸುವಿನ ವಚನಗಳ ನಂತರ ಪವಿತ್ರಾತ್ಮನು ಇಳಿದು ಬರಲಿ ಎಂಬ ಬೇಡಿಕೆಗೆ ಮುಖ್ಯ ಸ್ಥಾನವಿದೆ. ಬದಲಾವಣೆ ನಿಜ, ಅದರ ಬಗೆ ರಹಸ್ಯ ಎಂದು ಅವರು ಸುಮ್ಮನಾಗುತ್ತಾರೆ. ದೀಕ್ಷಾಸ್ನಾನವಾದ, ಅಂದರೆ ನೀರಿನ ವಿಧಿಯಿಂದ ಸಭೆಗೆ ಸೇರಿಸಿಕೊಂಡ, ಕೂಸಿಗೂ ಅವರು ಅದನ್ನು ಕೊಡುತ್ತಾರೆ. ಪೂರ್ವ ಸಿರಿಯನ್ ಪರಂಪರೆಯಲ್ಲಿ ಅದ್ದಾಯಿ ಮತ್ತು ಮಾರಿ ಎಂಬ ಬಹು ಪ್ರಾಚೀನ ಪ್ರಾರ್ಥನೆಯಿದೆ. ಅದರ ಹಳೆಯ ರೂಪದಲ್ಲಿ ‘ಇದು ನನ್ನ ದೇಹ’ ಎಂಬ ವಾಕ್ಯವೇ ಇಲ್ಲ! ಆ ವಾಕ್ಯವನ್ನೇ ಬುನಾದಿಯಾಗಿಸಿಕೊಂಡಿದ್ದ ರೋಮ್, 2001ರಲ್ಲಿ ಆ ಪ್ರಾರ್ಥನೆಯನ್ನೂ ಸಿಂಧುವೆಂದು ಒಪ್ಪಿಕೊಂಡಿತು.

ಇನ್ನು ‘ಬಲಿ’ ಎಂಬ ಮಾತು. ಇದನ್ನು ಕೇಳಿದರೆ ನಮಗೆ ಮಾರಿಗುಡಿ ನೆನಪಾಗುತ್ತದೆ, ಮತ್ತು ಸುಧಾರಕರು ಹೆಚ್ಚು ಕೆರಳಿದ್ದೂ ಇಲ್ಲಿಯೇ. ಕ್ರಿಸ್ತನು ಒಂದೇ ಸಾರಿ, ಎಂದೆಂದಿಗೂ ಸಾಕಾಗುವಂತೆ ತನ್ನನ್ನು ಅರ್ಪಿಸಿದ ಮೇಲೆ ಗುರುಗಳು ದಿನವೂ ಅರ್ಪಿಸುವುದೇನನ್ನು ಎಂದು ಅವರು ಕೇಳಿದರು. 1562ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಪೂಜೆ ನಿಜವಾದ ಬಲಿಯೇ ಎಂದು ಸಾರಿತು, ಆದರೆ ಇದು ಶಿಲುಬೆಯ ಬಲಿಯೇ ರಕ್ತವಿಲ್ಲದ ರೀತಿಯಲ್ಲಿ ನಮ್ಮೆದುರಿಗೆ ಬರುವುದು, ಎರಡನೆಯ ಬಲಿಯಲ್ಲ ಎಂಬುದು ಅದರ ನಿಲುವು. ಕಥೋಲಿಕರು ದಿನವೂ ಕ್ರಿಸ್ತನನ್ನು ಮತ್ತೆ ಬಲಿ ಕೊಡುತ್ತಾರೆ ಎಂದು ನಮ್ಮವರು ಈಗಲೂ ಹೇಳುವುದುಂಟು. ಅದು ಅವರ ಬೋಧನೆಯಲ್ಲ, ದಯವಿಟ್ಟು ಹಾಗೆ ಹೇಳಬೇಡಿ.

ಈ ಸಿದ್ಧಾಂತಗಳನ್ನೆಲ್ಲ ನೆನಪಿಟ್ಟುಕೊಳ್ಳುವುದು ಕಷ್ಟವೆನಿಸಿದರೆ ಒಂದು ಸಣ್ಣ ವಿಷಯ ನೋಡಿ: ಆರಾಧನೆ ಮುಗಿದ ಮೇಲೆ ಉಳಿದದ್ದನ್ನು ಏನು ಮಾಡುತ್ತಾರೆ? ಸಂತ ಫಿಲೋಮಿನ ದೇವಾಲಯಕ್ಕೆ ನೀವು ಯಾವ ಹೊತ್ತಿನಲ್ಲಿ ಹೋದರೂ ಮೊಣಕಾಲೂರುವ ಭಕ್ತರನ್ನು ಕಾಣುತ್ತೀರಿ. ಉಳಿದ ರೊಟ್ಟಿಯನ್ನು ಕಥೋಲಿಕರು ಬೀಗವಿರುವ ಗೂಡಿನಲ್ಲಿಟ್ಟು ಪಕ್ಕದಲ್ಲಿ ಆರದ ದೀಪವಿಡುತ್ತಾರೆ, ಏಕೆಂದರೆ ಅವರ ನಂಬಿಕೆಯಂತೆ ಕ್ರಿಸ್ತ ಅಲ್ಲಿಯೇ ಇದ್ದಾನೆ. ಇಂಗ್ಲೆಂಡಿನ ಸಭೆಯ 1552ರ ಪ್ರಾರ್ಥನಾ ಪುಸ್ತಕ, ಉಳಿದದ್ದನ್ನು ಸಭಾಪಾಲಕ ತನ್ನ ಮನೆಯ ಬಳಕೆಗೆ ಇಟ್ಟುಕೊಳ್ಳಲಿ ಎಂದಿತು. 1662ರ ಪುಸ್ತಕ, ಪ್ರತಿಷ್ಠಿತವಾದದ್ದನ್ನು ಅಲ್ಲಿಯೇ ಭಯಭಕ್ತಿಯಿಂದ ತಿಂದು ಮುಗಿಸಬೇಕೆಂದಿತು. ನೂರಹತ್ತು ವರ್ಷಗಳಲ್ಲಿ ಆ ಸಭೆಯ ಮನಸ್ಸು ಎಷ್ಟು ಸರಿಯಿತು ಎಂಬುದು ಆ ಉಳಿದ ತುಣುಕುಗಳಲ್ಲಿದೆ. ಮೇಜಿನ ಮೇಲಿನದು ಊಟದ ರೊಟ್ಟಿಯೇ ಎನ್ನುವ ಸಭೆಯಲ್ಲಿ ಮಕ್ಕಳು ಉಳಿದ ಚೂರುಗಳನ್ನು ಹಂಚಿಕೊಂಡು ತಿನ್ನುವುದನ್ನೂ ನಾನು ನೋಡಿದ್ದೇನೆ.

ಆ ಹಿರಿಯರ ಪ್ರಶ್ನೆಗೆ ನಾನು ಬರಲೇಬೇಕು. ಪ್ರಸಾದವೆಂಬುದು ದೇವರಿಗೆ ಅರ್ಪಿತವಾಗಿ ದೇವರಿಂದ ಮರಳಿ ಬರುವ ಅನುಗ್ರಹ, ಅದು ಕೈಯೊಡ್ಡಿದವರಿಗೆಲ್ಲ ಸಲ್ಲುತ್ತದೆ. ಕಥೋಲಿಕರು ಆ ಸುಂದರ ಪದವನ್ನು ಅದರ ಅನುಗ್ರಹದ ಅರ್ಥಕ್ಕಾಗಿ ತೆಗೆದುಕೊಂಡರು. ಆದರೆ ಅವರಿಗೆ ಅದು ಒಂದು ದೇಹದ ಅಂಗಗಳು ತಾವೆಂದು ಒಪ್ಪಿಕೊಂಡವರ ಊಟವೂ ಹೌದು. ಆದ್ದರಿಂದಲೇ ದೀಕ್ಷಾಸ್ನಾನ ಬೇಕು, ಮಕ್ಕಳಿಗೆ ತಿಳಿವಳಿಕೆಯ ವಯಸ್ಸಾಗಬೇಕು, ಒಂದು ಗಂಟೆಯ ಉಪವಾಸವಿರಬೇಕು, ಮತ್ತು ಐಕ್ಯದಲ್ಲಿಲ್ಲದ ಸಭೆಯವನಾದ ನಾನು ಸಾಮಾನ್ಯವಾಗಿ ಆ ಸಾಲಿನಲ್ಲಿ ನಿಲ್ಲುವಂತಿಲ್ಲ. ಐಕ್ಯವಿದ್ದಾಗ ಒಂದೇ ಮೇಜು ಎಂದು ಅವರು, ಒಂದೇ ಮೇಜಿನಿಂದಲೇ ಐಕ್ಯ ಬರುತ್ತದೆ ಎಂದು ನಮ್ಮಲ್ಲಿ ಅನೇಕರು. ಮನಸ್ಸಿನಲ್ಲಿ ನಾನು ಎರಡನೆಯ ಪಕ್ಷದವನು, ಆದರೆ ಮೊದಲಿನದನ್ನು ಕಠಿಣಹೃದಯ ಎನ್ನಲಾರೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಸೇರಿ ದಕ್ಷಿಣ ಭಾರತ ಸಭೆಯಾದಾಗ, ರೊಟ್ಟಿಯಲ್ಲಿ ಕ್ರಿಸ್ತ ಹೇಗಿದ್ದಾನೆ ಎಂಬುದಕ್ಕೆ ಎಲ್ಲರೂ ಒಂದೇ ವಿವರಣೆಗೆ ಸಹಿ ಹಾಕಬೇಕೆಂಬ ಷರತ್ತಿರಲಿಲ್ಲ. ಮಾರ್ಬರ್ಗಿನಲ್ಲಿ ಒದಗದೆ ಹೋದದ್ದು ನಮ್ಮ ದಕ್ಷಿಣದಲ್ಲಿ ಒದಗಿತು ಎಂಬುದು ನನ್ನ ಹೆಮ್ಮೆ.

ಆ ಸಭೆ 1950ರಲ್ಲಿ ರೂಪಿಸಿಕೊಂಡ ಆರಾಧನಾ ಕ್ರಮದಲ್ಲಿ, ಸಿರಿಯನ್ ಸಂಪ್ರದಾಯದಿಂದ ಪಡೆದ ಒಂದು ಪದ್ಧತಿ ಸೇರಿತು. ರೊಟ್ಟಿ ಮುರಿಯುವ ಮೊದಲು ಮೇಜಿನ ಬಳಿಯಿಂದ ‘ಸಮಾಧಾನ’ ಎಂಬ ಶಾಂತಿಯ ವಂದನೆ ಕೈಯಿಂದ ಕೈಗೆ ಸಭೆಯ ಕೊನೆಯವರೆಗೂ ಸಾಗುತ್ತದೆ: ಕೊಡುವವರ ಬಲಗೈಗೆ ಪಡೆಯುವವರ ಬಲಗೈ ತಾಗುತ್ತದೆ, ಎಡಗೈಗಳು ಮೇಲೆ ಮುಚ್ಚುತ್ತವೆ. ಆ ಮದುವೆ ನಡೆದ ಕೆಲವು ತಿಂಗಳ ಮೇಲೆ ಆ ಹಿರಿಯರು ನನ್ನೊಡನೆ ನಮ್ಮ ಸಭೆಗೆ ಬಂದಿದ್ದರು. ಸಮಾಧಾನ ನಮ್ಮ ಬೆಂಚಿಗೆ ಬಂದಾಗ ಅವರು ಮೆಲ್ಲನೆ ಕೇಳಿದರು, “ಇದನ್ನು ನಾನು ತಗೋಬಹುದಾ?” ತೆಗೆದುಕೊಳ್ಳಿ ಎಂದೆ. ಅವರು ಎರಡೂ ಕೈಗಳಿಂದ ಅದನ್ನು ಪಡೆದುಕೊಂಡು, ತಮ್ಮ ಪಕ್ಕದಲ್ಲಿ ಕುಳಿತಿದ್ದ ಹುಡುಗನ ಕಡೆಗೆ ತಿರುಗಿದರು.